ಶುಂಠಿ, ಸಿಪ್ಪೆ, ಸೇವಂತಿಗೆ: ಚೀನೀ ವೈದ್ಯಪದ್ಧತಿಯಲ್ಲಿ ಮನೆಮದ್ದು



 ಈ ದತ್ತಿ ಉಪನ್ಯಾಸದಲ್ಲಿ ಮನೆಮದ್ದಿನ ವಿಚಾರವಾಗಿ ಮಾತಾಡಬೇಕೆಂದು ಸಂಸ್ಥೆಯವರು ಕೇಳಿದಾಗ ನಾನು ಚೀನಾದ ಮನೆಮದ್ದನ್ನು ಆರಿಸಿಕೊಂಡೆ. ಅದಕ್ಕೆ ಕಾರಣವಿದೆ. ನಮ್ಮ ಮನೆಯ ಕಷಾಯ ನಮಗೆ ತೀರಾ ಹತ್ತಿರದ್ದು. ಅದರ ಹಿಂದೆ ಏನು ಯೋಚನೆಯಿದೆ ಎಂದು ನಾವು ಕೇಳಿಕೊಳ್ಳುವುದೇ ಇಲ್ಲ. ಅದೇ ಶುಂಠಿ, ಅದೇ ಕಿತ್ತಳೆ ಸಿಪ್ಪೆ, ಅದೇ ಸೇವಂತಿಗೆ ಬೇರೊಂದು ನಾಡಿನ ಒಲೆಯ ಮೇಲೆ ಮದ್ದಾಗುವುದನ್ನು ನೋಡುವಾಗ ಮಾತ್ರ ‘ಯಾಕೆ ಹೀಗೆ?’ ಎಂಬ ಪ್ರಶ್ನೆ ಏಳುತ್ತದೆ. ಚೀನೀ ಗ್ರಂಥಕಾರರು ಆ ಪ್ರಶ್ನೆಗೆ ಸುಮಾರು ಎರಡು ಸಾವಿರ ವರ್ಷಗಳಿಂದ ಬರವಣಿಗೆಯಲ್ಲಿ ಉತ್ತರ ಕೊಡುತ್ತ ಬಂದಿದ್ದಾರೆ.

ಚೀನೀ ವೈದ್ಯವೆಂದರೆ ಹೆಚ್ಚಿನವರಿಗೆ ನೆನಪಾಗುವುದು ಸೂಜಿ ಚಿಕಿತ್ಸೆ ಮತ್ತು ಜಿನ್‌ಸೆಂಗ್ ಬೇರು. ಇವತ್ತು ಅವೆರಡರ ತಂಟೆಗೂ ಹೋಗುವುದಿಲ್ಲ. ಮೊದಲು ಅವರು ಪದಾರ್ಥಗಳನ್ನು ವಿಂಗಡಿಸುವ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಆಮೇಲೆ ಶುಂಠಿಯೊಂದನ್ನೇ ಹಿಡಿದು ತುಸು ಹೊತ್ತು ನಿಲ್ಲುತ್ತೇನೆ. ಮೂರನೆಯದಾಗಿ ಸಿಪ್ಪೆ, ಹೂವು, ಎಲೆಗಳ ಮಾತು. ಕೊನೆಗೆ, ಇವೆಲ್ಲ ಪ್ರಯೋಗಾಲಯದ ಪರೀಕ್ಷೆಗೆ ಬಂದಾಗ ಏನಾಯಿತು, ಎಲ್ಲಿ ಪ್ರಾಣಕ್ಕೇ ಸಂಚಕಾರವಾಯಿತು ಎಂಬುದು. ನನ್ನ ವಾದವನ್ನು ಈಗಲೇ ತಿಳಿಸಿಬಿಡುತ್ತೇನೆ. ಈ ಪದ್ಧತಿಯ ಮನೆಮದ್ದಿನಲ್ಲಿ ನಾನು ಅತ್ಯಂತ ಗೌರವಿಸುವುದು ಅದರ ನಿಷೇಧಗಳನ್ನು: ಯಾರಿಗೆ ಕೊಡಬಾರದು, ಯಾವಾಗ ನಿಲ್ಲಿಸಬೇಕು ಎಂಬ ಎಚ್ಚರವನ್ನು. ಮದ್ದು ಮಾರುಕಟ್ಟೆಗೆ ಬಂದಾಗ ಮೊದಲು ಕಳಚಿ ಬೀಳುವುದೂ ಅದೇ.

ಮೊದಲ ವಿಷಯಕ್ಕೆ ಬರೋಣ. ಚೀನಾದ ಅತ್ಯಂತ ಹಳೆಯ ದ್ರವ್ಯಗುಣ ಗ್ರಂಥ ‘ಶೆನ್ನೊಂಗ್ ಬೆನ್‌ತ್ಸಾವ್ ಜಿಂಗ್’. ಹಾನ್ ರಾಜರ ಕಾಲದಲ್ಲಿ ಸಂಕಲನಗೊಂಡದ್ದು ಎಂದು ವಿದ್ವಾಂಸರ ಅಭಿಪ್ರಾಯ. ವ್ಯವಸಾಯವನ್ನು ಕಲಿಸಿದ ಪುರಾಣಪುರುಷ ಶೆನ್ನೊಂಗ್ ಗಿಡಮೂಲಿಕೆಗಳನ್ನೆಲ್ಲ ತಾನೇ ತಿಂದು ನೋಡಿದನೆಂಬ ಐತಿಹ್ಯದಿಂದ ಅದಕ್ಕೆ ಆ ಹೆಸರು. ಅದರಲ್ಲಿರುವ ದ್ರವ್ಯಗಳು 365. ಅವನ್ನು ಮೂರು ದರ್ಜೆಯಾಗಿ ಹಂಚಿದ್ದಾರೆ. ಮೇಲಿನ ದರ್ಜೆಯವು ಆಯುಸ್ಸನ್ನು ಪೋಷಿಸುವಂಥವು, ಬಹುಕಾಲ ಸೇವಿಸಬಹುದಾದಂಥವು. ಸೇವಂತಿಗೆಯೂ ಜ್ಯೇಷ್ಠಮಧುವೂ ಅಲ್ಲಿವೆ. ನಡುವಿನ ದರ್ಜೆಯವನ್ನು ಆಳು ನೋಡಿ ಕೊಡಬೇಕು, ಒಣಶುಂಠಿ ಅಲ್ಲಿದೆ. ಕೆಳದರ್ಜೆಯವು ರೋಗದ ಮೇಲೆ ದಾಳಿಯಿಡುವ ಕಟು ಔಷಧಗಳು, ವಿಷಾಂಶವುಳ್ಳವು. ನಮ್ಮ ವತ್ಸನಾಭಿಯ ಕುಲದ ಬೇರುಗಳು ಅಲ್ಲಿವೆ. ಇವನ್ನು ಬಹುಕಾಲ ತೆಗೆದುಕೊಳ್ಳಬಾರದೆಂದು ಅಲ್ಲೇ ಕಟ್ಟಪ್ಪಣೆಯಿದೆ. ಪರಿಣಾಮ ಜೋರಾದಷ್ಟೂ ದರ್ಜೆ ಕೆಳಗೆ. ಜೋರಾದ ಮದ್ದೇ ಶ್ರೇಷ್ಠವೆಂದು ನಂಬಿರುವ ನಮ್ಮ ಕಾಲದವರು ಇದನ್ನು ಸ್ವಲ್ಪ ಗಮನಿಸಬೇಕು.

ಪ್ರತಿ ದ್ರವ್ಯಕ್ಕೂ ಒಂದು ಸ್ವಭಾವ, ಒಂದು ಅಥವಾ ಹೆಚ್ಚು ರುಚಿ. ಸ್ವಭಾವ ನಾಲ್ಕು: ಬಿಸಿ, ಬೆಚ್ಚಗೆ, ತಂಪು, ಶೀತ. ಯಾವ ಕಡೆಗೂ ವಾಲದ್ದು ಸಮ. ರುಚಿ ಐದು: ಖಾರ, ಸಿಹಿ, ಹುಳಿ, ಕಹಿ, ಉಪ್ಪು. ನಮ್ಮ ಆರನೆಯದಾದ ಒಗರನ್ನು ಅವರು ಹುಳಿಯ ಜೊತೆಗೇ ಸೇರಿಸುತ್ತಾರೆ. ಖಾರ ಚದುರಿಸುತ್ತದೆ, ಬೆವರಿಳಿಸುತ್ತದೆ, ಸಿಹಿ ಪೋಷಿಸುತ್ತದೆ, ಬಿಗಿಯನ್ನು ಸಡಿಲಿಸುತ್ತದೆ, ಹುಳಿ ಹಿಡಿದಿಡುತ್ತದೆ, ಕಹಿ ತಾಪವನ್ನು ಇಳಿಸುತ್ತದೆ, ಒಣಗಿಸುತ್ತದೆ, ಉಪ್ಪು ಗಡುಸನ್ನು ಮೆತ್ತಗಾಗಿಸುತ್ತದೆ. ಉಷ್ಣ, ಶೀತ ಎಂಬ ಮಾತು ನಮ್ಮ ಮನೆಗಳಲ್ಲಿ ದಿನನಿತ್ಯದ್ದು, ಆದ್ದರಿಂದ ಇದೆಲ್ಲ ನಮಗೆ ಬೇಗ ಹಿಡಿಸುತ್ತದೆ. ಆದರೂ ಎರಡನ್ನೂ ಒಂದೇ ಎಂದು ತಿಳಿಯುವುದು ಬೇಡ. ವಾತ, ಪಿತ್ತ, ಕಫಗಳ ಲೆಕ್ಕ ಅವರಲ್ಲಿಲ್ಲ. ಅವರ ಯಿನ್‌-ಯಾಂಗ್, ಮೈಯೊಳಗೆ ಹರಿಯುವ ‘ಛಿ’ ಎಂಬ ಶಕ್ತಿಯ ಮಾರ್ಗಗಳು ನಮ್ಮಲ್ಲಿಲ್ಲ. ಸಾಮ್ಯವನ್ನು ಹುಡುಕಿ ಖುಷಿಪಡುವವರು ಭೇದವನ್ನೂ ನೋಡಬೇಕು.

ಅಡುಗೆಮನೆಗೂ ಮದ್ದಿನಂಗಡಿಗೂ ನಡುವೆ ಅಲ್ಲಿ ಗೋಡೆಯಿರಲಿಲ್ಲ. ಏಳನೆಯ ಶತಮಾನದ ಮಹಾವೈದ್ಯ ಸುನ್ ಸಿಮಿಯಾವ್ ತನ್ನ ಗ್ರಂಥದಲ್ಲಿ ಆಹಾರ ಚಿಕಿತ್ಸೆಗೆಂದೇ ಒಂದು ಭಾಗವನ್ನು ಮೀಸಲಿಟ್ಟ. ಮೊದಲು ಆಹಾರದಿಂದ ಸರಿಪಡಿಸಲು ನೋಡಬೇಕು, ಅದರಿಂದ ಆಗದಿದ್ದರೆ ಮಾತ್ರ ಔಷಧಕ್ಕೆ ಕೈಹಾಕಬೇಕು ಎಂಬುದು ಅವನ ನಿಲುವು. 1330ರಲ್ಲಿ ಮಂಗೋಲ್ ಅರಸರ ಆಸ್ಥಾನದ ಆಹಾರ ವೈದ್ಯ ಹು ಸಿಹುಯಿ ಅರಮನೆಯ ಅಡುಗೆಯನ್ನೇ ವೈದ್ಯಗ್ರಂಥವಾಗಿ ಬರೆದ. ನಮ್ಮ ಕಾಲದಲ್ಲಿ, 2002ರಲ್ಲಿ, ಚೀನಾದ ಆರೋಗ್ಯ ಸಚಿವಾಲಯ ಆಹಾರವೂ ಔಷಧವೂ ಆಗಿರುವ ಪದಾರ್ಥಗಳ ಪಟ್ಟಿಯೊಂದನ್ನು ಹೊರಡಿಸಿತು. ಎಂಬತ್ತಕ್ಕಿಂತ ಹೆಚ್ಚು ಪದಾರ್ಥಗಳಿರುವ ಆ ಪಟ್ಟಿಯಲ್ಲಿ ಶುಂಠಿ, ಕಿತ್ತಳೆ ಸಿಪ್ಪೆ, ಸೇವಂತಿಗೆ, ಪುದೀನ, ಕರಿಮೆಣಸು ಎಲ್ಲ ಇವೆ.

ಇನ್ನು ಶುಂಠಿ. ಕನ್‌ಫ್ಯೂಷಿಯಸ್‌ನ ಊಟದಲ್ಲಿ ಶುಂಠಿ ತಪ್ಪುತ್ತಿರಲಿಲ್ಲವೆಂದು ಅವನ ಶಿಷ್ಯರು ದಾಖಲಿಸಿದ್ದಾರೆ. ಅಷ್ಟು ಹಳೆಯ ಸಾಂಬಾರ ಅದು. ಚೀನೀ ವೈದ್ಯರಿಗೆ ಶುಂಠಿ ಎಂಬುದು ಒಂದು ಮದ್ದಲ್ಲ, ಕಡಿಮೆಯೆಂದರೂ ನಾಲ್ಕು. ಹಸಿಶುಂಠಿ ಬೆಚ್ಚಗಿನ ಸ್ವಭಾವದ್ದು, ಮೈಯ ಹೊರಪದರದಲ್ಲಿ ಕೆಲಸ ಮಾಡುತ್ತದೆ: ಚಳಿಯನ್ನು ಬೆವರಿನ ದಾರಿಯಿಂದ ಕಳಿಸುತ್ತದೆ, ವಾಂತಿ ನಿಲ್ಲಿಸುತ್ತದೆ. ಒಣಶುಂಠಿ ಬಿಸಿ ಸ್ವಭಾವದ್ದು, ಒಳಗಿನದು. ಹೊಟ್ಟೆ ತಣ್ಣಗಾಗಿ ಭೇದಿ ಹಿಡಿದು, ಕೈಕಾಲು ತಣ್ಣಗಾದವರಿಗೆ ಅದು. ಹೊರಮೈ ಕಂದುಗಟ್ಟಿ ಉಬ್ಬುವವರೆಗೆ ಹುರಿದ ಶುಂಠಿ ಮೂರನೆಯದು. ಖಾರ ಇಳಿದು ಕಹಿ ಸೇರಿದ ಅದನ್ನು ರಕ್ತಸ್ರಾವ ತಡೆಯಲು, ಬಾಣಂತಿಯರ ಔಷಧದಲ್ಲಿ ಬಳಸುತ್ತಾರೆ. ನಾಲ್ಕನೆಯದು ನಾವು ಕೆರೆದು ಚೆಲ್ಲುವ ಸಿಪ್ಪೆ. ಒಳಗಿನ ತಿರುಳು ಬೆಚ್ಚಗಾದರೆ ಸಿಪ್ಪೆ ತಂಪಿನ ಕಡೆಯದು, ಮೈಯ ಬಾವು ಇಳಿಸಿ ಮೂತ್ರ ಹೋಗುವಂತೆ ಮಾಡುವುದು ಎಂದು ಅವರ ಗ್ರಂಥಗಳು ಹೇಳುತ್ತವೆ.

ಒಂದೇ ಬೇರಿಗೆ ಇಷ್ಟೊಂದು ಭೇದವೇ ಎಂದು ಯಾರಿಗಾದರೂ ಅನುಮಾನ ಬರಬಹುದು. ಹಸಿಗೂ ಒಣಗಿದ್ದಕ್ಕೂ ಇರುವ ಭೇದವನ್ನು ರಸಾಯನಶಾಸ್ತ್ರವೂ ಗುರುತಿಸಿದೆ. ಹಸಿಶುಂಠಿಯ ಖಾರಕ್ಕೆ ಕಾರಣ ಜಿಂಜೆರಾಲ್ ಎಂಬ ವರ್ಗದ ವಸ್ತುಗಳು. ಒಣಗಿಸಿದಾಗ, ಬಿಸಿ ಮಾಡಿದಾಗ ಅವು ನೀರಿನಂಶ ಕಳೆದುಕೊಂಡು ಶೋಗಾಲ್ ಎಂಬ ಬೇರೆ ವಸ್ತುಗಳಾಗುತ್ತವೆ; ಅವುಗಳ ಖಾರ ಇನ್ನೂ ತೀಕ್ಷ್ಣ. ಒಣಶುಂಠಿ ಹೆಚ್ಚು ಬಿಸಿ ಎಂದು ನಾಲಿಗೆಯ ಮೇಲೆ ಕಂಡುಕೊಂಡವರು ಸುಳ್ಳು ಹೇಳಿರಲಿಲ್ಲ. ಆದರೆ ಚೀನೀ ಗ್ರಂಥಗಳು ಹೇಳುವ ಗುಣಗಳೆಲ್ಲ ಇದರಿಂದ ಸಿದ್ಧವಾದವು ಎಂದು ನಾನು ಹೇಳುತ್ತಿಲ್ಲ. ವಸ್ತು ಬದಲಾಗಿದೆ ಎಂಬುದಷ್ಟೇ ಸಿದ್ಧವಾದದ್ದು.

ಈಗ ಒಂದು ಕಷಾಯವನ್ನು ಹತ್ತಿರದಿಂದ ನೋಡೋಣ. ಎರಡನೆಯ ಶತಮಾನದ ಕೊನೆ, ಮೂರನೆಯದರ ಆರಂಭದಲ್ಲಿದ್ದ ಜಾಂಗ್ ಜೊಂಗ್‌ಜಿಂಗ್ ಬರೆದ ‘ಶಾಂಗ್‌ಹಾನ್ ಲುನ್’ ಜ್ವರಗಳ ಕುರಿತ ಗ್ರಂಥ. ಅದರ ಮೊದಲ ಔಷಧ ಯೋಗ ದಾಲ್ಚಿನ್ನಿ ಕಡ್ಡಿಯ ಕಷಾಯ. ಅದಕ್ಕೆ ಬೇಕಾದವು ಐದೇ ಪದಾರ್ಥ: ದಾಲ್ಚಿನ್ನಿ ಮರದ ಎಳೆಕಡ್ಡಿ, ಪಿಯೋನಿ ಗಿಡದ ಬೇರು, ಹಸಿಶುಂಠಿ, ಹುರಿದ ಜ್ಯೇಷ್ಠಮಧು, ಮತ್ತು ನಮ್ಮ ಎಲಚಿಯ ದಾಯಾದಿಯಾದ ಕೆಂಪು ಜುಜುಬೆ ಹಣ್ಣು ಹನ್ನೆರಡು. ಪಿಯೋನಿ ಬೇರೊಂದನ್ನು ಬಿಟ್ಟರೆ ಉಳಿದವೆಲ್ಲ ಅಡುಗೆಮನೆಗೆ ನೆಂಟರೇ. ಏಳು ಅಳತೆ ನೀರನ್ನು ಸಣ್ಣ ಉರಿಯಲ್ಲಿ ಮೂರಕ್ಕೆ ಇಳಿಸಿ, ಸೋಸಿ, ಒಂದು ಅಳತೆಯನ್ನು ಬೆಚ್ಚಗೆ ಕುಡಿಯಬೇಕು. ಅಂದಿನ ಒಂದು ಅಳತೆ ಈಗಿನ ಸುಮಾರು 200 ಮಿಲಿಲೀಟರ್.

ಇಲ್ಲಿಗೆ ಮುಗಿಯಲಿಲ್ಲ, ನಿಜವಾದ ಸೂಚನೆ ಈಗ ಶುರುವಾಗುತ್ತದೆ. ಕಷಾಯ ಕುಡಿದ ಸ್ವಲ್ಪ ಹೊತ್ತಿಗೆ ತೆಳ್ಳಗಿನ ಬಿಸಿ ಗಂಜಿ ಕುಡಿಯಬೇಕು, ಮದ್ದಿನ ಬಲಕ್ಕೆ ಅದು ಬೆಂಬಲ. ಹೊದ್ದು ಮಲಗಬೇಕು. ಮೈಯೆಲ್ಲ ಸಣ್ಣಗೆ ಬೆವರಬೇಕು, ತೇವ ತೇವವಾದರೆ ಸಾಕು. ನೀರಿಳಿದಂತೆ ಬೆವರಿದರೆ ರೋಗ ಹೋಗುವುದಿಲ್ಲ. ಮೊದಲ ಲೋಟಕ್ಕೇ ಗುಣವಾಯಿತೋ, ಉಳಿದ ಎರಡು ಅಳತೆಯನ್ನು ಕುಡಿಯಕೂಡದು. ಆ ದಿನಗಳಲ್ಲಿ ತಣ್ಣನೆಯದು, ಹಸಿಯದು, ಜಿಡ್ಡು, ಮಾಂಸ, ಮದ್ಯ ಬೇಡ. ಇಷ್ಟು ಸಾಲದೆಂಬಂತೆ ಇನ್ನೊಂದು ಎಚ್ಚರಿಕೆ: ಜ್ವರವಿದ್ದು ಬೆವರೇ ಬರದೆ ನಾಡಿ ಬಿಗಿಯಾಗಿರುವವನಿಗೆ ಇದನ್ನು ಕೊಡಲೇಬಾರದು. ಅವನಿಗೆ ಬೇರೆ ಯೋಗವಿದೆ.

ಕಾಯಿಸಿಟ್ಟ ಕಷಾಯ ಪಾತ್ರೆಯಲ್ಲೇ ಇರುವಾಗ ‘ಸಾಕು, ನಿಲ್ಲಿಸು’ ಎನ್ನುವ ವೈದ್ಯನಿಗೆ ನಾನು ಮನಸಾರೆ ತಲೆಬಾಗುತ್ತೇನೆ. ಶುಂಠಿ ಒಳ್ಳೆಯದು, ಕುಡಿಯುತ್ತಲೇ ಇರಿ ಎಂದು ಅವನು ಎಲ್ಲಿಯೂ ಹೇಳಲಿಲ್ಲ. ಚೀನಾದ ಸಾಮಾನ್ಯ ಮನೆಗಳಿಗೆ ಇದೇ ತತ್ವ ಸರಳವಾಗಿ ಇಳಿದು ಬಂದಿದೆ. ಮಳೆಯಲ್ಲಿ ನೆಂದು ಬಂದವರಿಗೆ ಹಸಿಶುಂಠಿ ಜಜ್ಜಿ ಕಂದು ಸಕ್ಕರೆ ಹಾಕಿ ಕುದಿಸಿದ ನೀರು. ನೆಗಡಿಯ ಮೊದಲ ದಿನ ಈರುಳ್ಳಿ ಸೊಪ್ಪಿನ ಬುಡದ ಬಿಳಿಭಾಗವನ್ನು ಹುದುಗು ಬರಿಸಿದ ಕಪ್ಪು ಸೋಯಾ ಕಾಳಿನೊಂದಿಗೆ ಕುದಿಸಿದ ಸಾರು. ಈ ಎರಡನೆಯದು ನಾಲ್ಕನೆಯ ಶತಮಾನದ ಗೆ ಹೊಂಗ್ ಬರೆದ ತುರ್ತು ಚಿಕಿತ್ಸೆಯ ಕೈಪಿಡಿಯಲ್ಲೇ ಇದೆ. ವೈದ್ಯರು ಸಿಗದ ಹಳ್ಳಿಯವರಿಗಾಗಿ, ದುಬಾರಿ ಔಷಧ ಕೊಳ್ಳಲಾರದ ಬಡವರಿಗಾಗಿ ಬರೆದ ಪುಸ್ತಕ ಅದು. ಗೆ ಹೊಂಗ್‌ನನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಶುಂಠಿಯನ್ನು ಇಲ್ಲಿ ಬಿಟ್ಟು ಸಿಪ್ಪೆ, ಹೂವು, ಎಲೆಗಳತ್ತ ಹೊರಳೋಣ. ಈವರೆಗೆ ಹೇಳಿದ್ದು ಚಳಿಯಿಂದ ಬಂದ ನೆಗಡಿ: ನಡುಕ, ಮೈಕೈ ನೋವು, ನೀರು ನೀರಾದ ಸಿಂಬಳ. ಇನ್ನೊಂದು ಬಗೆಯಿದೆ. ಗಂಟಲು ಕೆಂಪಾಗಿ ಉರಿ, ಬಾಯಾರಿಕೆ, ಹಳದಿ ಕಫ, ಚಳಿಗಿಂತ ಕಾವು ಹೆಚ್ಚು. ಚೀನೀ ವೈದ್ಯರು ಇದನ್ನು ತಾಪದ ನೆಗಡಿ ಎಂದು ಬೇರೆಯಾಗಿಡುತ್ತಾರೆ. ಇದಕ್ಕೆ ಶುಂಠಿ ಕೊಟ್ಟರೆ ಉರಿಯುವುದಕ್ಕೆ ತುಪ್ಪ ಸುರಿದಂತೆ ಎಂಬುದು ಅವರ ಮತ. 1798ರಲ್ಲಿ ವು ಜೂತೊಂಗ್ ತಾಪದ ಜ್ವರಗಳ ಮೇಲೆ ಬರೆದ ಗ್ರಂಥದಲ್ಲಿ ಇದಕ್ಕೊಂದು ಹಗುರವಾದ ಯೋಗವಿದೆ. ಹಿಪ್ಪುನೇರಳೆ ಎಲೆ, ಸೇವಂತಿಗೆ ಹೂ ಅದರ ಮುಖ್ಯ ದ್ರವ್ಯಗಳು. ಪುದೀನ, ಜ್ಯೇಷ್ಠಮಧು ಮೊದಲಾದವು ಜೊತೆಗಿವೆ.

ಹಿಪ್ಪುನೇರಳೆ ಎಂದಾಗ ರಾಮನಗರ, ಕೋಲಾರದ ಕಡೆಯ ಶ್ರೋತೃಗಳಿಗೆ ತಮ್ಮ ಹೊಲ ನೆನಪಾದೀತು. ನಾವು ರೇಷ್ಮೆಹುಳುವಿಗೆ ಹಾಕುವ ಎಲೆಯನ್ನೇ ರೇಷ್ಮೆಯ ತವರಿನಲ್ಲಿ ಕೆಮ್ಮಿಗೂ ಕಣ್ಣುರಿಗೂ ಕೊಡುತ್ತಾರೆ. ಇಬ್ಬನಿ ಹೆಪ್ಪುಗಟ್ಟುವ ಚಳಿ ಬಿದ್ದ ಮೇಲೆ ಕೊಯ್ದ ಎಲೆ ಉತ್ತಮ ಎಂಬುದು ಅಲ್ಲಿಯ ನಿಯಮ. ನಾವು ದೇವರಿಗೆ ಏರಿಸುವ, ಮುಡಿಯುವ ಸೇವಂತಿಗೆಯನ್ನು ಅವರು ಒಣಗಿಸಿ ಬಿಸಿನೀರಿಗೆ ಹಾಕಿ ಚಹದಂತೆ ಕುಡಿಯುತ್ತಾರೆ. ಹಾಂಗ್‌ಝೌ ಸುತ್ತಿನ ಬಿಳಿ ಸೇವಂತಿಗೆ ಇದಕ್ಕೆ ಹೆಸರುವಾಸಿ. ನಮ್ಮ ಹೂಮಂಡಿಯ ಸೇವಂತಿಗೆಯನ್ನು ಮಾತ್ರ ದಯವಿಟ್ಟು ಕುದಿಸಿ ಕುಡಿಯಬೇಡಿ. ಅದು ಕಣ್ಣಿಗಾಗಿ ಬೆಳೆದ ಬೆಳೆ, ಹೊಡೆದಿರುವ ಕೀಟನಾಶಕಕ್ಕೆ ಆಹಾರದ ಮಿತಿ ಅನ್ವಯಿಸಿರುವುದಿಲ್ಲ.

ಕಿತ್ತಳೆ ಸಿಪ್ಪೆಯ ಕಥೆ ನನಗೆ ಬಹಳ ಪ್ರಿಯವಾದದ್ದು. ಗ್ವಾಂಗ್‌ಡಾಂಗ್ ಪ್ರಾಂತದ ಶಿನ್‌ಹುಯಿ ಎಂಬಲ್ಲಿ ಹಣ್ಣಿಗಿಂತ ಸಿಪ್ಪೆಗೇ ಬೆಲೆ. ಸಿಪ್ಪೆಯನ್ನು ಮೂರು ದಳವಾಗಿ ಸೀಳುತ್ತಾರೆ. ದಳಗಳು ಬುಡದಲ್ಲಿ ಕೂಡಿಕೊಂಡೇ ಇರಬೇಕು, ಹರಿಯಬಾರದು. ಒಳಮೈ ಹೊರಗಾಗುವಂತೆ ಮಗುಚಿ ಬಿಸಿಲಿಗಿಡುತ್ತಾರೆ. ಒಣಗಿದ್ದನ್ನು ಗಾಳಿಯಾಡುವಂತೆ ಕಟ್ಟಿಟ್ಟು, ಹೊರತೆಗೆದು ಬಿಸಿಲು ಕಾಣಿಸಿ ಮತ್ತೆ ಒಳಗಿಡುತ್ತಾರೆ. ಹೀಗೆ ಮೂರು ವರ್ಷವಾದರೂ ಕಳೆಯದೆ ಅದಕ್ಕೆ ‘ಚೆನ್‌ಪಿ’ ಎಂಬ ಮರ್ಯಾದೆಯಿಲ್ಲ. ವರ್ಷ ಕಳೆದಂತೆ ಒಳಗಿನ ಬಿಳಿ ಕಂದಾಗುತ್ತದೆ, ಘಾಟು ಇಳಿದು ಪರಿಮಳ ಗಂಭೀರವಾಗುತ್ತದೆ, ಬೆಲೆ ಏರುತ್ತದೆ. ಹೊಟ್ಟೆಯುಬ್ಬರ, ಹಸಿವಿಲ್ಲದಿರುವುದು, ಎದೆಯಲ್ಲಿ ಕಫ ಕಟ್ಟುವುದು ಇದರ ಕ್ಷೇತ್ರ. ಮನೆಯವರು ಅದನ್ನು ಔಷಧವೆಂದು ಎತ್ತಿಡುವುದೂ ಇಲ್ಲ. ಬಾತುಕೋಳಿಯ ಅಡುಗೆಗೆ ಒಂದು ತುಂಡು, ಕೆಂಪು ಕಾಳಿನ ಸಿಹಿ ಪಾಯಸಕ್ಕೆ ಒಂದು ತುಂಡು. ಜಡವಾದ ಊಟದ ಜೊತೆಗೇ ಅದನ್ನು ಅರಗಿಸುವ ಪದಾರ್ಥ ಹೊಟ್ಟೆಗೆ ಹೋಗುತ್ತದೆ. ಕೊಡಗಿನ ಕಿತ್ತಳೆಯೂ ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇದೇ ಜಾತಿಯದು ಎಂಬುದನ್ನು ಇಲ್ಲಿಯ ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬಹುದು.

ಅದೇ ಗ್ವಾಂಗ್‌ಡಾಂಗ್‌ನ ಬೀದಿಗಳಲ್ಲಿ ಕಹಿ ಕಷಾಯದ ಅಂಗಡಿಗಳಿವೆ. ಧಗೆಯೂ ತೇವವೂ ಸೇರಿದ ಹವೆಯಲ್ಲಿ ಮೈಕಾವು ಇಳಿಸಲೆಂದು ಜನ ನಿಂತಲ್ಲೇ ಒಂದು ಬಟ್ಟಲು ಕುಡಿದು ಹೋಗುತ್ತಾರೆ. 2006ರಲ್ಲಿ ಚೀನಾ ಇದನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಇದರ ಒಂದು ಬಗೆ ಈಗ ಸಕ್ಕರೆ ಬೆರೆತು ಡಬ್ಬಿಯ ಪಾನೀಯವಾಗಿ ದೇಶದ ತುಂಬ ಮಾರಾಟವಾಗುತ್ತಿದೆ. ಅಂಗಡಿಯಲ್ಲಿ ಬಟ್ಟಲು ಕೊಡುವವರು ಹೊಟ್ಟೆ ತಣ್ಣಗಿನವರಿಗೆ, ಬಸುರಿಯರಿಗೆ ಬೇಡವೆನ್ನುತ್ತಾರೆ. ಡಬ್ಬಿ ಯಾರನ್ನೂ ಕೇಳುವುದಿಲ್ಲ. ನನ್ನ ಆತಂಕ ಇಲ್ಲಿದೆ.

ಕಾಯಿಸುವ ಕ್ರಮದ ಬಗ್ಗೆ ಎರಡು ಮಾತು. ಪಾತ್ರೆ ಮಣ್ಣಿನದಾಗಬೇಕು, ಕಬ್ಬಿಣ ಕೂಡದು. ದ್ರವ್ಯಗಳನ್ನು ತಣ್ಣೀರಿನಲ್ಲಿ ನೆನೆಹಾಕಿ, ಎರಡು ಸಲ ಕುದಿಸಿ, ಎರಡೂ ಸಲದ ಕಷಾಯವನ್ನು ಬೆರೆಸಿ ಪಾಲು ಮಾಡಿ ಕುಡಿಯುತ್ತಾರೆ. ಪುದೀನದಂಥ ಸುವಾಸನೆಯ ಸೊಪ್ಪನ್ನು ಇಳಿಸುವ ಕೆಲವೇ ನಿಮಿಷ ಮುಂಚೆ ಹಾಕಬೇಕು, ಇಲ್ಲವಾದರೆ ಸತ್ವವೆಲ್ಲ ಆವಿಯಾಗಿ ಹೋಗುತ್ತದೆ. ಬಲ ತುಂಬುವ ಬೇರುಗಳಿಗೆ ಇದಕ್ಕೆ ವಿರುದ್ಧ, ದೀರ್ಘ ಕಾಲದ ಸಣ್ಣ ಉರಿ.

ಕೊನೆಯ ಭಾಗಕ್ಕೆ ಬರುತ್ತೇನೆ. ಈ ಜ್ಞಾನವನ್ನು ಆಧುನಿಕ ವಿಜ್ಞಾನ ಹೇಗೆ ಕಂಡಿತು? ಗೆ ಹೊಂಗ್‌ನ ಕೈಪಿಡಿಯಲ್ಲಿ ಮರುಕಳಿಸುವ ಜ್ವರಕ್ಕೆ ಒಂದು ಮದ್ದಿದೆ: ಚಿಂಗ್‌ಹಾವ್ ಎಂಬ ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯುವುದು. ಅದು ನಮ್ಮ ದವನದ ಕುಲದ ಗಿಡ. 1967ರಲ್ಲಿ ಚೀನಾ ಸರ್ಕಾರ ಮಲೇರಿಯಾ ಔಷಧಕ್ಕಾಗಿ ಗುಪ್ತ ಯೋಜನೆ ಆರಂಭಿಸಿತು. ಅದರಲ್ಲಿ ದುಡಿದ ತು ಯೂಯೂ ಆ ಸಾಲುಗಳನ್ನು ಓದಿ, ಕುದಿಸುವ ಮಾತೇ ಇಲ್ಲವಲ್ಲ ಎಂದು ಗಮನಿಸಿದರು. ಕಾವಿಗೆ ಗುಣ ಕೆಡುತ್ತಿರಬೇಕೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರಲ್ಲಿ ಆ ಸಾರ ಪ್ರಾಣಿಗಳ ಮಲೇರಿಯಾದ ಮೇಲೆ ಪೂರ್ತಿ ಫಲ ಕೊಟ್ಟಿತು. ಅದರಿಂದ ಬಂದ ಆರ್ಟಿಮಿಸಿನಿನ್ ಲಕ್ಷಾಂತರ ಜೀವ ಉಳಿಸಿತು; 2015ರಲ್ಲಿ ತು ಯೂಯೂ ಅವರಿಗೆ ನೊಬೆಲ್ ಬಂತು.

ಇದನ್ನು ಮನೆಮದ್ದಿನ ವಿಜಯವೆಂದು ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದು ಅರ್ಧ. ಆರ್ಟಿಮಿಸಿನಿನ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಆ ಗಿಡದ ಕಷಾಯವನ್ನೋ ಚಹವನ್ನೋ ಮಲೇರಿಯಾಕ್ಕೆ ಬಳಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬೆಂಬಲಿಸುವುದಿಲ್ಲ. ಹಳೆಯ ಗ್ರಂಥ ದಾರಿ ತೋರಿತು. ಆ ದಾರಿಯನ್ನು ನಡೆದು ಮುಗಿಸಿದ್ದು ಪ್ರಯೋಗಾಲಯ. ಎರಡರಲ್ಲಿ ಯಾವುದನ್ನು ಮರೆತರೂ ಅನ್ಯಾಯ.

ಅಡುಗೆಮನೆಯ ದ್ರವ್ಯಗಳಿಗೂ ಇದೇ ಅಳತೆಗೋಲು. ಬಸುರಿಯರ ಸಾಧಾರಣ ವಾಕರಿಕೆಯನ್ನು ಶುಂಠಿ ತಗ್ಗಿಸುತ್ತದೆಂದು ಹಲವು ಪ್ರಯೋಗಗಳಲ್ಲಿ ಕಂಡಿದೆ. ವಾಂತಿಯನ್ನೇ ನಿಲ್ಲಿಸುತ್ತದೆ ಎನ್ನಲು ಪುರಾವೆ ಅಷ್ಟು ಗಟ್ಟಿಯಿಲ್ಲ. ಜ್ಯೇಷ್ಠಮಧು ಚೀನೀ ಯೋಗಗಳಲ್ಲಿ ಎಲ್ಲೆಡೆ ಇದೆ, ಆದರೆ ಸ್ವಲ್ಪ ಪ್ರಮಾಣದಲ್ಲಿ, ಕೆಲವು ದಿನದ ಮಟ್ಟಿಗೆ. ಅದರಲ್ಲಿರುವ ಗ್ಲಿಸಿರೈಜಿನ್ ಹೆಚ್ಚಾದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತವೆ, ಪೊಟ್ಯಾಸಿಯಂ ಇಳಿಯುತ್ತದೆ, ರಕ್ತದೊತ್ತಡ ಏರುತ್ತದೆ. ಗಂಟಲಿಗೆ ಒಳ್ಳೆಯದೆಂದು ತಿಂಗಳುಗಟ್ಟಲೆ ಅಗಿಯುವ ಬಿ.ಪಿ. ರೋಗಿಗಳು ಈ ಸಭೆಯಲ್ಲಿದ್ದರೆ ನಾಳೆಯೇ ತಮ್ಮ ವೈದ್ಯರಿಗೆ ತಿಳಿಸಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ, ಈಗ ನಮ್ಮ ಅಂಗಡಿಗಳಲ್ಲೂ ಸಿಗುವ ಗೋಜಿ ಹಣ್ಣಿನಿಂದ ಔಷಧದ ಪರಿಣಾಮ ಅತಿಯಾದ ಪ್ರಕರಣಗಳು ವೈದ್ಯ ಪತ್ರಿಕೆಗಳಲ್ಲಿ ವರದಿಯಾಗಿವೆ.

ಎಲ್ಲಕ್ಕಿಂತ ಭೀಕರವಾದದ್ದು 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ನಡೆಯಿತು. ತೂಕ ಇಳಿಸಲೆಂದು ಬ್ರಸೆಲ್ಸ್‌ನಲ್ಲಿ ಮಹಿಳೆಯರಿಗೆ ಚೀನೀ ಮೂಲಿಕೆಯ ಪುಡಿ ಸೇರಿಸಿದ ಮಾತ್ರೆಗಳನ್ನು ಕೊಡಲಾಯಿತು. ಅದರಲ್ಲಿರಬೇಕಾದ ಫಾಂಗ್‌ಜಿ ಎಂಬ ಬೇರಿನ ಜಾಗದಲ್ಲಿ, ಹೆಸರಿನಲ್ಲಿ ಹೋಲುವ ಗ್ವಾಂಗ್ ಫಾಂಗ್‌ಜಿ ಸೇರಿಕೊಂಡಿತ್ತು. ಅದು ಅರಿಸ್ಟೊಲೋಕಿಯಾ ಕುಲದ ಗಿಡ. ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಹಾಳಾಯಿತು; ಎಷ್ಟೋ ಜನ ಡಯಾಲಿಸಿಸ್‌ಗೆ, ಮೂತ್ರಪಿಂಡ ಕಸಿಗೆ ಹೋಗಬೇಕಾಯಿತು. ಮುಂದೆ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ತೂಕ ಇಳಿಸುವುದಕ್ಕಾಗಿ, ಆಧುನಿಕ ಔಷಧಗಳ ಜೊತೆ ಬೆರೆಸಿ, ತಿಂಗಳುಗಟ್ಟಲೆ ಕೊಡುವ ಈ ಕ್ರಮ ಯಾವ ಚೀನೀ ಗ್ರಂಥದಲ್ಲೂ ಇಲ್ಲ. ಹಾಗೆಂದು ಗ್ರಂಥಗಳು ಪೂರ್ತಿ ಪಾರಾಗಲಾರವು. ಇದೇ ಕುಲದ ಬೇರೆ ಗಿಡಗಳು ಶತಮಾನಗಳಿಂದ ಚೀನೀ ಯೋಗಗಳಲ್ಲಿದ್ದವು. ಆ ವಿಷ ನಿಧಾನವಾಗಿ, ವರ್ಷಗಳ ಮೇಲೆ ಕೆಲಸ ಮಾಡುವುದರಿಂದ ರೋಗಿಯ ಪಕ್ಕ ಕುಳಿತ ವೈದ್ಯನ ಕಣ್ಣಿಗೆ ಅದು ಬೀಳಲಿಲ್ಲ. ಎಷ್ಟೇ ತಲೆಮಾರುಗಳ ಅನುಭವವಿದ್ದರೂ ಇಂಥದ್ದನ್ನು ಕಾಣಲು ರೋಗಿಗಳ ದೊಡ್ಡ ಲೆಕ್ಕ, ದೀರ್ಘ ಕಾಲದ ದಾಖಲೆ ಬೇಕು. 2003ರಲ್ಲಿ ಚೀನಾ ತನ್ನ ಯೋಗಗಳಲ್ಲಿ ಬಳಕೆಯಲ್ಲಿದ್ದ ಗ್ವಾನ್ ಮುಟೊಂಗ್ ಎಂಬ ಅರಿಸ್ಟೊಲೋಕಿಯಾ ಬಳ್ಳಿಯ ಮಾನ್ಯತೆಯನ್ನು ರದ್ದುಮಾಡಿತು. ಅರಿಸ್ಟೊಲೋಕಿಕ್ ಆಮ್ಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ.

ಇದು ದೂರದ ಸುದ್ದಿಯಲ್ಲ. ನಮ್ಮ ಈಶ್ವರಿ ಬಳ್ಳಿ ಇದೇ ಅರಿಸ್ಟೊಲೋಕಿಯಾ ಕುಲದ್ದು. ಹಾವಿನ ವಿಷಕ್ಕೆ, ಹೊಟ್ಟೆನೋವಿಗೆ ಅದರ ಬೇರನ್ನು ತೇಯ್ದು ಕುಡಿಸುವ ರೂಢಿ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇನ್ನೂ ಉಳಿದಿದೆ. ಕೊಡುವವರು ಹಣದಾಸೆಯ ಜನರಲ್ಲ, ಉಪಕಾರಬುದ್ಧಿಯಿಂದ ಕೊಡುತ್ತಾರೆ. ಬೇರನ್ನು ಕಿತ್ತು ತರುವಾಗ ಗಿಡಕ್ಕೆ ಕೈಮುಗಿಯುವವರೂ ಇದ್ದಾರೆ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಇಲ್ಲಿರುವ ಆಯುರ್ವೇದ ವಿದ್ಯಾರ್ಥಿಗಳು ತಮ್ಮ ಊರಿನ ನಾಟಿ ವೈದ್ಯರ ಜಗಲಿಯಲ್ಲಿ ಕುಳಿತು ಬ್ರಸೆಲ್ಸ್‌ನ ಈ ಪ್ರಸಂಗವನ್ನು ಅವರಿಗೆ ತಿಳಿಯುವ ಹಾಗೆ ಹೇಳಬೇಕು. ಹಾವು ಕಚ್ಚಿದವರನ್ನು ಬೇರು ತೇಯುತ್ತ ಕೂರದೆ ಪ್ರತಿವಿಷ ಇರುವ ಆಸ್ಪತ್ರೆಗೆ ಕೂಡಲೇ ಒಯ್ಯುವಂತೆ ಕೇಳಿಕೊಳ್ಳಬೇಕು. ಈಶ್ವರಿಯ ಬದಲು ಹೊಟ್ಟೆನೋವಿಗೆ ಅವರದೇ ಜ್ಞಾನದಲ್ಲಿ ಇರುವ ನಿರಪಾಯದ ಮದ್ದು ಯಾವುದೆಂದು ಕೇಳಿ ಬರೆದುಕೊಂಡು ಬರಬೇಕು. ಆ ಕೆಲಸಕ್ಕೆ ಹೊರಡುವವರ ಜೊತೆ ಬರಲು ನಾನು ಸಿದ್ಧನಿದ್ದೇನೆ.